ಕಡೆಯದ ಕಡಗೋಲು

33 ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನು ಆಕಾಶವಾಣಿಗೆ ಬಂದು ಪಂಪನನ್ನು ಕುರಿತೋ ಕುಮಾರವ್ಯಾಸನನ್ನು ಕುರಿತೋ ಮಾತನಾಡುತ್ತಾನೆಂದು ನೀವು ಎಣಿಸಿದ್ದರೆ ಅದು ಸಹಜವೇ. ಆದರೆ ಇಂದು ನಾನು ಮಾತನಾಡಬೇಕೆಂದಿರುವುದು ನಮ್ಮ ಮನೆಯ ಹಿತ್ತಿಲ ಜಗಲಿಯಲ್ಲಿ ಕುಳಿತಿರುವ ಒಂದು ಹಳೆಯ ಬಟ್ಟೆ ಒಗೆಯುವ ಯಂತ್ರವನ್ನು ಕುರಿತು. 2003ರಲ್ಲಿ ಕೊಂಡದ್ದು, ಎರಡು ತೊಟ್ಟಿಯದು. ಒಂದು ತೊಟ್ಟಿಯಲ್ಲಿ ಒಗೆಯಬೇಕು, ಇನ್ನೊಂದಕ್ಕೆ ಎತ್ತಿಹಾಕಿ ನೀರು ಹಿಂಡಿಸಬೇಕು. ಈಗಿನ ಯಂತ್ರಗಳ ಹಾಗೆ ಅದಕ್ಕೆ ತಾನಾಗಿ ಏನೂ ತಿಳಿಯದು. ನೀರು ಬಿಡುವುದಕ್ಕೂ ನಿಲ್ಲಿಸುವುದಕ್ಕೂ ಒಬ್ಬರು ಪಕ್ಕದಲ್ಲಿರಬೇಕು.

ಕಳೆದ ಮಳೆಗಾಲದ ಒಂದು ಬೆಳಗ್ಗೆ ಅದು ಬಟ್ಟೆಯನ್ನು ಕಲಕುವುದನ್ನು ನಿಲ್ಲಿಸಿತು. ನೀರು ತುಂಬಿತ್ತು, ಸಾಬೂನಿನ ಪುಡಿ ಕರಗಿತ್ತು, ಬಟ್ಟೆ ಮುಳುಗಿತ್ತು. ಗುಂಡಿಯನ್ನು ತಿರುಗಿಸಿದರೆ ಒಳಗಿನಿಂದ ‘ಗುಂಯ್’ ಎಂಬ ಸದ್ದೂ ಬರುತ್ತಿತ್ತು. ಆದರೆ ತೊಟ್ಟಿಯ ತಳದಲ್ಲಿರುವ ತಿರುಗಣಿ ಮಾತ್ರ ಮಿಸುಕಲಿಲ್ಲ. ಪಕ್ಕದ ಹಿಂಡುವ ತೊಟ್ಟಿಯಾದರೋ ಎಂದಿನಂತೆ ಭರದಿಂದ ಸುತ್ತುತ್ತಿತ್ತು. ಈ ಸಣ್ಣ ಸಂಗತಿಯ ಕಾರಣವನ್ನು ಹುಡುಕಲು ಹೊರಟು ನಾನು ಹನ್ನೊಂದು ದಿನ ಕಳೆದೆ. ಆ ಹನ್ನೊಂದು ದಿನಗಳ ವೃತ್ತಾಂತವೇ ಈ ಭಾಷಣ.

ಮೊದಲು ಈ ಕಲಕುವಿಕೆ ಎಂದರೇನು, ಅದೇಕೆ ಬೇಕು ಎಂಬುದನ್ನು ನೋಡೋಣ. ಬಟ್ಟೆ ಒಗೆಯುವುದು ಎಂದು ನಾವು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ಆ ಒಂದು ಮಾತಿನ ಒಳಗೆ ನೆನೆಹಾಕುವುದು, ಸಾಬೂನು ಹಚ್ಚುವುದು, ಉಜ್ಜುವುದು, ಕುಸುಬುವುದು, ಕುಕ್ಕುವುದು, ಜಾಲಿಸುವುದು, ಹಿಂಡುವುದು, ಕೊಡವುವುದು, ಹರವುವುದು ಎಂದು ಎಷ್ಟು ಕೆಲಸಗಳು ಅಡಗಿವೆ! ಒಂದೊಂದಕ್ಕೂ ಕನ್ನಡದಲ್ಲಿ ಬೇರೆಬೇರೆ ಮಾತು ಇರುವುದಕ್ಕೆ ಕಾರಣ, ಒಂದೊಂದರಲ್ಲಿಯೂ ತೋಳು, ಸೊಂಟ, ಮಣಿಕಟ್ಟುಗಳು ಬೇರೆಬೇರೆಯಾಗಿ ದುಡಿಯುತ್ತವೆ ಎಂಬುದೇ. ಸಾಬೂನು ಕೊಳೆಯ ಹಿಡಿತವನ್ನು ಸಡಿಲಿಸುತ್ತದೆ, ಅಷ್ಟೆ. ಅದರ ಕಣದ ಒಂದು ತುದಿ ಜಿಡ್ಡನ್ನು ಹಿಡಿದುಕೊಳ್ಳುತ್ತದೆ, ಇನ್ನೊಂದು ತುದಿ ನೀರಿಗೆ ಅಂಟಿಕೊಳ್ಳುತ್ತದೆ. ಆದರೆ ಹಾಗೆ ಸಡಿಲಗೊಂಡ ಕೊಳೆ ನೂಲಿನ ಎಳೆಗಳ ನಡುವಿನಿಂದ ಹೊರಗೆ ಬರಬೇಕಾದರೆ ನೀರು ಬಟ್ಟೆಯ ಒಳಹೊಕ್ಕು ಹೊರಡಬೇಕು, ಬಟ್ಟೆ ಬಟ್ಟೆಯನ್ನು ಉಜ್ಜಬೇಕು. ನಿಂತ ನೀರಿನಲ್ಲಿ ರಾತ್ರಿಯೆಲ್ಲ ನೆನೆದ ಅಂಗಿಯ ಕೊರಳಪಟ್ಟಿಯನ್ನು ಬೆಳಗ್ಗೆ ನೋಡಿದವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ.

ನಮ್ಮಲ್ಲಿ ಈ ಚಲನೆಯನ್ನು ಕೊಟ್ಟದ್ದು ಒಗೆಯುವ ಕಲ್ಲು ಮತ್ತು ಒಗೆಯುವವರ ರಟ್ಟೆ. ಅಮೆರಿಕದಲ್ಲಿ ಯಂತ್ರ ಬಂದಾಗ ಮೊದಲು ಕಲಕುವ ಕಡ್ಡಿಗಳನ್ನು ತೊಟ್ಟಿಯ ಮುಚ್ಚಳದಿಂದ ಇಳಿಬಿಟ್ಟಿದ್ದರು. 1922ರಲ್ಲಿ ಮೇಟ್ಯಾಗ್ ಎಂಬ ಕಂಪನಿಯವರು ಅದನ್ನು ತಳಕ್ಕೆ ಇಳಿಸಿ, ನಡುವೆ ರೆಕ್ಕೆಗಳುಳ್ಳ ಕಂಬದ ಹಾಗೆ ನಿಲ್ಲಿಸಿದರು. ಜಪಾನಿನಲ್ಲಿ ಸ್ಯಾನ್ಯೋ ಕಂಪನಿಯವರು 1953ರಲ್ಲಿ ತಟ್ಟೆಯಂಥ ಒಂದು ತಿರುಗಣಿಯಿಂದ ನೀರನ್ನೇ ಸುಳಿಯಾಗಿಸುವ ಯಂತ್ರವನ್ನು ಮಾರುಕಟ್ಟೆಗೆ ತಂದರು. ನಮ್ಮ ಮಧ್ಯಮ ವರ್ಗದ ಮನೆಗಳಿಗೆ ಬಂದ ಎರಡು ತೊಟ್ಟಿಯ ಯಂತ್ರಗಳಲ್ಲಿರುವುದು ಈ ತಟ್ಟೆಯ ವಂಶದ ತಿರುಗಣಿಯೇ.

ಈ ತಿರುಗಣಿ ಒಂದೇ ದಿಕ್ಕಿನಲ್ಲಿ ತಿರುಗಿದರೆ ಸಾಲದು. ಹಾಗೆ ತಿರುಗಿದರೆ ಸೀರೆಯೂ ಪಂಚೆಯೂ ಹುರಿಗೊಂಡು ಹಗ್ಗವಾಗುತ್ತವೆ. ಸ್ವಲ್ಪ ಹೊತ್ತು ಬಲಕ್ಕೆ, ಒಂದು ಕ್ಷಣ ವಿರಾಮ, ಮತ್ತೆ ಸ್ವಲ್ಪ ಹೊತ್ತು ಎಡಕ್ಕೆ, ಹೀಗೆ ಅದು ಆಡಬೇಕು. ಇದು ನಮಗೆ ಹೊಸದೇನಲ್ಲ. ಮೊಸರು ಕಡೆಯುವ ಕಡಗೋಲನ್ನು ನೋಡಿದವರಿಗೆ ಇದರ ಗುಟ್ಟು ಗೊತ್ತು. ಕಂಬಕ್ಕೆ ಸಿಕ್ಕಿಸಿದ ಕಡಗೋಲಿಗೆ ಹಗ್ಗ ಸುತ್ತಿ, ಬಲಗೈ ಎಳೆದಾಗ ಎಡಗೈ ಬಿಡಬೇಕು, ಎಡಗೈ ಎಳೆದಾಗ ಬಲಗೈ ಬಿಡಬೇಕು. ಹಾಲ್ಗಡಲನ್ನು ಕಡೆದಾಗಲೂ ವಾಸುಕಿಯ ಒಂದು ತುದಿ ದೇವತೆಗಳ ಕೈಯಲ್ಲಿ, ಇನ್ನೊಂದು ತುದಿ ದಾನವರ ಕೈಯಲ್ಲಿ ಇತ್ತಲ್ಲವೆ? ಎರಡು ಕೈ ಇಲ್ಲದೆ ಕಡೆತವಿಲ್ಲ. ಈ ಉಪಮೆಯನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಯಂತ್ರ ನಿಂತ ದಿನ ಮಧ್ಯಾಹ್ನವೇ ಒಬ್ಬ ರಿಪೇರಿಯವರನ್ನು ಕರೆಸಿದೆ. ಅವರು ಗುಂಡಿ ತಿರುಗಿಸಿದರು, ತೊಟ್ಟಿಯೊಳಗೆ ಇಣುಕಿದರು, “ಗೇರ್ ಬಾಕ್ಸ್ ಹೋಗಿದೆ ಸಾರ್. ಇದಕ್ಕೆ ಈಗ ಸಾಮಾನು ಸಿಗಲ್ಲ. ಹೊಸದು ತಗೊಳ್ಳಿ” ಎಂದು ತೀರ್ಪು ಕೊಟ್ಟು ಹೊರಟರು. ಇಷ್ಟು ಬೇಗ ತೀರ್ಪು ಕೊಡುವವರನ್ನು ಕಂಡರೆ ಮೇಷ್ಟರಿಗೆ ಸಂಶಯ. ನಾನೇ ನೋಡುತ್ತೇನೆಂದು ನಿಶ್ಚಯಿಸಿದೆ. “ಅಲ್ಲಿಯವರೆಗೆ ನಾಲ್ಕು ದಿನ ಹೇಗಾದರೂ ಸುಧಾರಿಸು” ಎಂದು ಮನೆಯಾಕೆಗೆ ಹೇಳಿದೆ. ಈ ‘ಹೇಗಾದರೂ’ ಎಂಬ ಮಾತಿನ ಅರ್ಥವೇನೆಂದು ಆಗ ನಾನು ಯೋಚಿಸಲಿಲ್ಲ.

ನನ್ನ ವಿದ್ಯೆಯಲ್ಲಿ ಗ್ರಂಥಸಂಪಾದನೆಯೆಂಬ ಒಂದು ಶಾಖೆಯಿದೆ. ಓಲೆಗರಿಯಿಂದ ಓಲೆಗರಿಗೆ ಪ್ರತಿಯಾಗುತ್ತ ಬಂದ ಕಾವ್ಯದಲ್ಲಿ ಎಲ್ಲಿ ತಪ್ಪು ನುಸುಳಿತೆಂದು ಹುಡುಕುವ ವಿದ್ಯೆ ಅದು. ಅಲ್ಲಿ ಒಂದು ಎಚ್ಚರಿಕೆಯಿದೆ. ಪದ್ಯದ ಯಾವ ಪದದಲ್ಲಿ ಅರ್ಥ ಕೆಟ್ಟು ಕಾಣುತ್ತದೆಯೋ ಆ ಪದದಲ್ಲೇ ತಪ್ಪಿದೆಯೆಂದು ಭಾವಿಸಬಾರದು. ಓಲೆಗರಿಯಲ್ಲಿ ಪದಗಳ ನಡುವೆ ತೆರಪಿಲ್ಲ. ಹಿಂದೆಲ್ಲೋ ಒಂದು ಅಕ್ಷರ ಬಿದ್ದುಹೋದರೆ ಮುಂದೆಲ್ಲೋ ಪದ ಒಡೆಯುವ ಜಾಗ ತಪ್ಪಿ ಅರ್ಥ ಕೆಡುತ್ತದೆ. ಇದನ್ನು ಎಂ.ಎ. ವಿದ್ಯಾರ್ಥಿಗಳಿಗೆ ಎಷ್ಟೋ ವರ್ಷ ಹೇಳಿದ ನಾನು ಯಂತ್ರದ ಮುಂದೆ ಕುಳಿತಾಗ ಮರೆತೆ. ತಿರುಗದಿರುವುದು ತಿರುಗಣಿ, ಆದ್ದರಿಂದ ದೋಷವೂ ತಿರುಗಣಿಯಲ್ಲೇ ಎಂದು ತೀರ್ಮಾನಿಸಿದೆ.

ಗೋಡೆಯ ಪ್ಲಗ್ಗನ್ನು ಕಿತ್ತಿಟ್ಟು, ತಿರುಗಣಿಯ ನಡುವಿನ ಸ್ಕ್ರೂ ಬಿಚ್ಚಿ ಅದನ್ನು ಎತ್ತಿದೆ. ಅಡಿಯಲ್ಲಿ ಒಂದು ಸಣ್ಣ ವಸ್ತುಸಂಗ್ರಹಾಲಯವೇ ಇತ್ತು. ಎರಡು ಒಂದು ರೂಪಾಯಿಯ ನಾಣ್ಯಗಳು, ಒಂದು ಹೇರ್‌ಪಿನ್ನು, ಐದಾರು ಗುಂಡಿಗಳು, ಹತ್ತಿಯ ನಾರು ಸಾಬೂನಿನೊಡನೆ ಸೇರಿ ಗಟ್ಟಿಯಾದ ಕೆಸರು. ಇಂಥ ನಾಣ್ಯವೋ ಪಿನ್ನೋ ಸಿಕ್ಕಿಕೊಂಡು ತಿರುಗಣಿ ನಿಲ್ಲುವುದು ಉಂಟು. ಎಲ್ಲವನ್ನೂ ತೊಳೆದು ಮತ್ತೆ ಕೂಡಿಸಿದೆ. ತಿರುಗಲಿಲ್ಲ. ತಿರುಗಣಿಯ ಅಡಿಯ ತೂತಿನಲ್ಲಿ ಹಲ್ಲುಗಳಿರುತ್ತವೆ. ಅವು ಸವೆದರೆ ಕೆಳಗಿನ ದಂಡ ತಿರುಗಿದರೂ ಮೇಲಿನ ತಟ್ಟೆ ಜಾರುತ್ತದೆ. ಬೆರಳಿಟ್ಟು ನೋಡಿದೆ, ಹಲ್ಲುಗಳು ಚೂಪಾಗಿಯೇ ಇದ್ದವು. ಮರುದಿನ ಹಿಂಬದಿಯ ತಗಡನ್ನು ಬಿಚ್ಚಿದೆ. ಮೋಟಾರಿನ ಸಣ್ಣ ರಾಟೆಯಿಂದ ತೊಟ್ಟಿಯ ಅಡಿಯ ದೊಡ್ಡ ರಾಟೆಗೆ ಒಂದು ಬೆಲ್ಟ್ ಇತ್ತು. ಅದು ಹರಿದಿರಲಿಲ್ಲ, ಸಡಿಲವೂ ಆಗಿರಲಿಲ್ಲ. ದೊಡ್ಡ ರಾಟೆಯನ್ನು ಕೈಯಿಂದ ತಿರುಗಿಸಿದರೆ ಮೇಲೆ ತಿರುಗಣಿಯೂ ಹಗುರವಾಗಿ ತಿರುಗಿತು. ಅಂದಮೇಲೆ ಗೇರು ಹೋಗಿದೆಯೆಂಬ ಮಾತು ಸುಳ್ಳು. ನನಗೆ ಪರಮಾನಂದವಾಯಿತು. ಆದರೆ ನಿಜ ಯಾವುದೆಂದು ಗೊತ್ತಾಗಲಿಲ್ಲ. ಪುಸ್ತಕ ತಂದು ಓದತೊಡಗಿದೆ, ಚಿತ್ರ ಬರೆದುಕೊಂಡೆ. ಹೀಗೆ ಒಂಬತ್ತು ದಿನ ಕಳೆದವು.

ಹತ್ತನೆಯ ದಿನ ನಮ್ಮ ಊರಿನ ಹಳೆಯ ಪೇಟೆಯಲ್ಲಿ ಮೋಟಾರುಗಳಿಗೆ ತಂತಿ ಸುತ್ತುವ ಒಂದು ಅಂಗಡಿಗೆ ಹೋದೆ. ಸುಟ್ಟ ವಾರ್ನಿಷ್ಷಿನ ವಾಸನೆಯ ಇಕ್ಕಟ್ಟಾದ ಅಂಗಡಿ. ನನಗಿಂತ ಹಿರಿಯರಾದ ಒಬ್ಬರು ನೆಲದ ಮೇಲೆ ಕುಳಿತು ತಾಮ್ರದ ತಂತಿಯನ್ನು ಎಣಿಸುತ್ತ ಸುತ್ತುತ್ತಿದ್ದರು. ನಾನು ಬರೆದುಕೊಂಡು ಹೋಗಿದ್ದ ಚಿತ್ರಗಳನ್ನು ಬಿಡಿಸಿಟ್ಟೆ. ಅವರು ಅವುಗಳತ್ತ ನೋಡಲಿಲ್ಲ.

“ಸದ್ದು ಹೇಗೆ ಬರ್ತದೆ ಮೇಷ್ಟ್ರೇ?” ಎಂದರು.

“ಗುಂಯ್ ಎನ್ನುತ್ತದೆ” ಎಂದೆ.

“ಒಮ್ಮೆಗೇ ನಿಂತುಹೋಯ್ತಾ, ದಿನಾ ಸ್ವಲ್ಪ ಸ್ವಲ್ಪ ಸೋತ್ಕೊಂಡು ಬಂತಾ? ಬಟ್ಟೆ ಕಮ್ಮಿ ಹಾಕಿದ್ರೆ ತಿರುಗೋದಾ?”

ನನಗೆ ಗೊತ್ತಿರಲಿಲ್ಲ.

“ಮನೇಲಿ ಬಟ್ಟೆ ಒಗೆಯೋರು ಯಾರು?”

“ನಮ್ಮ ಮನೆಯವರು.”

“ಹಾಗಾದ್ರೆ ಅವರನ್ನ ಕೇಳ್ಕೊಂಡು ಬನ್ನಿ” ಎಂದು ಮತ್ತೆ ತಂತಿ ಎಣಿಸತೊಡಗಿದರು.

ಮನೆಗೆ ಬಂದೆ. ಆಕೆ ಅಡುಗೆಮನೆಯಲ್ಲಿ ಒಂದು ಬೋಗುಣಿಯ ಬಿಸಿನೀರಿನಲ್ಲಿ ಬಲಗೈಯನ್ನು ಇಳಿಬಿಟ್ಟುಕೊಂಡು ಕುಳಿತಿದ್ದಳು. ಮಣಿಕಟ್ಟು ಊದಿತ್ತು. ಆಕೆಗೆ ಸಂಧಿವಾತ ಹಳೆಯದು. ಆ ಯಂತ್ರವನ್ನು ಕೊಂಡದ್ದೇ ಆ ಕಾರಣಕ್ಕಾಗಿ. ನಾನು ಯಂತ್ರವನ್ನು ಬಿಚ್ಚಿ ಕೂಡಿಸುತ್ತಿದ್ದ ಅಷ್ಟೂ ದಿನ ನನ್ನ ಪಂಚೆ, ಜುಬ್ಬ, ಹೊದಿಕೆಗಳೆಲ್ಲ ಒಗೆದು ಮಡಿಸಿ ಎಂದಿನ ಜಾಗದಲ್ಲಿ ಇರುತ್ತಿದ್ದವು. ಅವು ಹೇಗೆ ಅಲ್ಲಿಗೆ ಬಂದವೆಂದು ನಾನು ಕೇಳಿಕೊಂಡಿರಲಿಲ್ಲ.

ತಂತಿ ಸುತ್ತುವವರ ಪ್ರಶ್ನೆಗಳನ್ನು ಕೇಳಿದೆ. ಆಕೆ ಯೋಚಿಸದೆ ಉತ್ತರ ಕೊಟ್ಟಳು: “ಯುಗಾದಿ ಆದಮೇಲಿಂದ್ಲೇ ಅದು ಸರಿಯಿಲ್ಲಾರೀ. ಮೊದಮೊದಲು ಸ್ವಲ್ಪ ಗೊಣಗಿ ಆಮೇಲೆ ಏಳ್ತಿತ್ತು. ಬಟ್ಟೆ ಕಮ್ಮಿ ಇದ್ರೆ ಏಳೋದು, ಹೊದಿಕೆ ಹಾಕಿದ್ರೆ ಏಳ್ತಿರಲಿಲ್ಲ. ಆಮೇಲಾಮೇಲೆ ಕೋಲಲ್ಲಿ ಒಂದ್ಸಲ ನೂಕಿಕೊಟ್ರೆ ಸುತ್ತೋದು. ಎಡಕ್ಕೆ ನೂಕಿದ್ರೆ ಎಡಕ್ಕೆ, ಬಲಕ್ಕೆ ನೂಕಿದ್ರೆ ಬಲಕ್ಕೆ. ಮಧ್ಯೆ ನಿಂತು ದಿಕ್ಕು ಬದಲಾಯಿಸ್ತದಲ್ಲ, ಆಗ ಮತ್ತೆ ನೂಕಬೇಕು.”

“ಪ್ರತಿ ಸಲವೂ?”

“ಪ್ರತಿ ಸಲವೂ.”

ನಮ್ಮ ಯಂತ್ರ ಸುಮಾರು ಅರ್ಧ ನಿಮಿಷಕ್ಕೊಮ್ಮೆ ದಿಕ್ಕು ಬದಲಿಸುತ್ತದೆ. 15 ನಿಮಿಷದ ಒಂದು ಸರದಿಗೆ 30 ಸಲ. ಮೂರು ತಿಂಗಳು ಆಕೆ ತೊಟ್ಟಿಯ ಬಳಿ ನಿಂತು, ನೀರಲ್ಲಿ ನೆನೆದ ಬಟ್ಟೆಯ ಭಾರವನ್ನೆಲ್ಲ ಕೋಲಿನಿಂದ ನೂಕಿದ್ದಳು. ಯಂತ್ರ ಒಗೆಯುತ್ತಿದೆಯೆಂದು ನಾನು ಜಗಲಿಯ ಈಚೆ ಕುಳಿತು ಓದುತ್ತಿದ್ದೆ.

“ನನಗೇಕೆ ಹೇಳಲಿಲ್ಲ?” ಎಂದೆ.

“ಹೇಳಿದ್ದೆ. ಎರಡು ಸಲ. ನೀವು ‘ಹೂಂ, ನೋಡೋಣ’ ಅಂದ್ರಿ.”

12ನೆಯ ಶತಮಾನದ ಶರಣರಲ್ಲಿ ಮಡಿವಾಳ ಮಾಚಯ್ಯನ ಹೆಸರು ನಿಮಗೆಲ್ಲ ತಿಳಿದದ್ದೇ. ಬಟ್ಟೆ ಒಗೆಯುವ ಕಾಯಕವನ್ನು ಹಿಡಿದು ವಚನಗಳನ್ನು ನುಡಿದ ದಿಟ್ಟ ಪುರುಷ. ‘ಕಲಿದೇವರದೇವ’ ಎಂಬುದು ಆತನ ಅಂಕಿತ. ಕಾಯಕದ ಮಹತ್ವವನ್ನು ಹೇಳುವಾಗ ನಾನು ತರಗತಿಯಲ್ಲಿ ಆತನ ಹೆಸರನ್ನು ತಪ್ಪದೆ ಎತ್ತುತ್ತಿದ್ದೆ. ಒಗೆಯುವ ಕಲ್ಲನ್ನು ಅನುಭವಮಂಟಪದ ಸಮಕ್ಕೆ ತಂದು ನಿಲ್ಲಿಸಿದವನೆಂದು ಭಾವಪೂರ್ಣವಾಗಿ ವರ್ಣಿಸುತ್ತಿದ್ದೆ. ಆ 33 ವರ್ಷಗಳಲ್ಲಿ ನನ್ನ ಒಂದು ಪಂಚೆಯನ್ನು ನಾನೇ ಒಗೆದುಕೊಂಡ ನೆನಪು ನನಗಿಲ್ಲ. ಆ ದಿನ ಸಂಜೆ ಹಿತ್ತಿಲ ಕಲ್ಲಿನ ಮುಂದೆ ಕುಳಿತು ನನ್ನ ಪಂಚೆ ಎರಡನ್ನೂ ಒಂದು ಹೊದಿಕೆಯನ್ನೂ ಒಗೆದೆ. ಹೊದಿಕೆ ನೀರು ಕುಡಿದಾಗ ಎಷ್ಟು ಭಾರವಾಗುತ್ತದೆಂಬುದು, ಅದನ್ನು ಒಬ್ಬರೇ ಹಿಂಡುವುದು ಎಂಥ ಕಷ್ಟವೆಂಬುದು ಆಗ ತಿಳಿಯಿತು. ಆಕೆ ಬಾಗಿಲಲ್ಲಿ ನಿಂತು, “ಸಾಬೂನು ಹೋಗಿಲ್ಲ, ಇನ್ನೊಂದು ನೀರಲ್ಲಿ ಜಾಲಿಸಿ” ಎಂದಳು. ಜಾಲಿಸಿದೆ.

ಮರುದಿನ ಆಕೆಯ ಮಾತುಗಳನ್ನು ಹಾಗೆಹಾಗೆಯೇ ಅಂಗಡಿಯವರಿಗೆ ಒಪ್ಪಿಸಿದೆ. ಅವರು ಯಂತ್ರವನ್ನು ನೋಡದೆಯೇ, “ಕೆಪಾಸಿಟರ್ ಸತ್ತಿದೆ” ಎಂದರು. ಏಕೆಂಬುದನ್ನೂ ವಿವರಿಸಿದರು. ಅದನ್ನು ನಾನು ನನ್ನ ಮಾತಿನಲ್ಲಿ ಹೇಳುತ್ತೇನೆ.

ಇಲ್ಲಿ ಆ ಕಡಗೋಲಿನ ಉಪಮೆ ಬೇಕು. ನಮ್ಮ ಮನೆಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಸಲ ಹಿಂದಕ್ಕೂ ಮುಂದಕ್ಕೂ ತೂಗಾಡುವಂಥದು. ಅದನ್ನು ಒಂದೇ ಸುರುಳಿಗೆ ಹಾಯಿಸಿದರೆ ಮೋಟಾರಿನ ಒಳಗಿನ ಕಾಂತಶಕ್ತಿ ಒಂದೇ ಗೆರೆಯ ಮೇಲೆ ಅತ್ತಿತ್ತ ತುಯ್ಯುತ್ತದೆಯೇ ಹೊರತು ಸುತ್ತುವುದಿಲ್ಲ. ಒಂದೇ ಕೈಯಿಂದ ಹಗ್ಗ ಜಗ್ಗಿದ ಹಾಗೆ. ಮೋಟಾರು ಗುಂಯ್‌ಗುಡುತ್ತದೆ, ಆದರೆ ಏಳದು. ಯಾರಾದರೂ ಒಮ್ಮೆ ನೂಕಿದರೆ ನೂಕಿದ ದಿಕ್ಕಿಗೇ ಓಡತೊಡಗುತ್ತದೆ. ಆದ್ದರಿಂದ ಮೋಟಾರಿನಲ್ಲಿ ಎರಡು ಸುರುಳಿಗಳನ್ನು ಓರೆಯಾಗಿ ಜೋಡಿಸಿ, ಒಂದಕ್ಕೆ ವಿದ್ಯುತ್ತನ್ನು ನೇರವಾಗಿಯೂ ಇನ್ನೊಂದಕ್ಕೆ ಕೆಪಾಸಿಟರಿನ ಮೂಲಕವೂ ಕೊಡುತ್ತಾರೆ. ಕೆಪಾಸಿಟರ್ ಹಾದುಬಂದ ಪ್ರವಾಹ ಒಂದಿಷ್ಟು ಮುಂಚಿತವಾಗಿ ಏರುತ್ತದೆ. ಒಂದು ಕೈ ಮುಂದೆ, ಒಂದು ಕೈ ಹಿಂದೆ, ಕಡಗೋಲು ಸುತ್ತುತ್ತದೆ. ಇನ್ನು ಗಡಿಯಾರದಂತಿರುವ ಟೈಮರಿನ ಕೆಲಸವೆಂದರೆ, ಯಾವ ಸುರುಳಿ ನೇರ, ಯಾವುದು ಕೆಪಾಸಿಟರಿನ ಪಾಲು ಎಂಬುದನ್ನು ಅದಲುಬದಲು ಮಾಡುವುದು. ಆಗ ದಿಕ್ಕು ಬದಲಾಗುತ್ತದೆ.

ಅವರು ನಮ್ಮ ಮನೆಗೆ ಬಂದು ಆ ಡಬ್ಬಿಯನ್ನು ಬಿಚ್ಚಿ ಮೀಟರಿಗೆ ಹಿಡಿದರು. ಮೇಲೆ 10 ಮೈಕ್ರೋಫ್ಯಾರಡ್ ಎಂದು ಅಚ್ಚಾಗಿತ್ತು. ಮೀಟರು 3 ತೋರಿಸಿತು. ಹಿಂಡುವ ತೊಟ್ಟಿಗೆ ಬೇರೆ ಮೋಟಾರು, ಬೇರೆ ಕೆಪಾಸಿಟರ್. ಆದ್ದರಿಂದಲೇ ಅದು ನಿಂತಿರಲಿಲ್ಲ. ಈ ಡಬ್ಬಿಯ ಒಳಗೆ ಲೋಹ ಲೇಪಿಸಿದ ತೆಳುವಾದ ಪ್ಲಾಸ್ಟಿಕ್ಕಿನ ಹಾಳೆಯ ಸುರುಳಿ ಇರುತ್ತದೆ. ಹಾಳೆಯಲ್ಲಿ ಎಲ್ಲಾದರೂ ತೂತು ಬಿದ್ದರೆ ಅದರ ಸುತ್ತಲಿನ ಲೇಪ ಆವಿಯಾಗಿ ಹೋಗಿ ಗಾಯ ತಾನಾಗಿ ಮಾಯುತ್ತದೆ. ಆದರೆ ಪ್ರತಿಯೊಂದು ಗಾಯ ಮಾಯುವಾಗಲೂ ಒಂದಿಷ್ಟು ಲೇಪ ಕಡಿಮೆಯಾಗುತ್ತದೆ. ವರ್ಷಗಳು ಕಳೆದಂತೆ ಶಕ್ತಿ ಕುಂದುತ್ತದೆ. ಹೊರಗಿನಿಂದ ನೋಡಿದರೆ ಏನೂ ಕಾಣುವುದಿಲ್ಲ. ಹೊಸ ಡಬ್ಬಿಗೆ 200 ರೂಪಾಯಿಯೂ ಆಗಲಿಲ್ಲ. ಹಾಕಿ ಗುಂಡಿ ತಿರುಗಿಸಿದರು. ತಿರುಗಣಿ ಬಲಕ್ಕೆ ಸುತ್ತಿ, ನಿಂತು, ಯಾರ ಕೋಲಿನ ಹಂಗೂ ಇಲ್ಲದೆ ಎಡಕ್ಕೆ ಸುತ್ತಿತು.

ನಿಮ್ಮ ಮನೆಯಲ್ಲಿಯೂ ಇಂಥ ಹಳೆಯ ಯಂತ್ರವಿದ್ದರೆ ಉಪಯೋಗಕ್ಕೆ ಬರಲೆಂದು ಕೆಲವು ಮಾತು. ಚಲನೆ ಟೈಮರಿನಿಂದ ಮೋಟಾರಿಗೆ, ಮೋಟಾರಿನಿಂದ ಬೆಲ್ಟಿಗೆ, ಬೆಲ್ಟಿನಿಂದ ರಾಟೆಗೂ ಗೇರಿಗೂ, ಅಲ್ಲಿಂದ ತಿರುಗಣಿಗೆ ಬರುತ್ತದೆ. ಎಲ್ಲಿಯವರೆಗೆ ಬಂದು ನಿಂತಿದೆಯೆಂಬುದನ್ನು ಕಿವಿಯೇ ಹೆಚ್ಚುಕಡಿಮೆ ಹೇಳುತ್ತದೆ. ಸದ್ದೇ ಇಲ್ಲದಿದ್ದರೆ ಪ್ಲಗ್ಗು, ತಂತಿ, ಟೈಮರುಗಳನ್ನು ನೋಡಬೇಕು. ಯಂತ್ರದ ಅಡಿ ತೆರೆದಿದ್ದರೆ ಇಲಿ ಹೊಕ್ಕು ತಂತಿ ಕಡಿದಿರುವುದು ಅಪರೂಪವಲ್ಲ. ಗೊಣಗಿ ಏಳದಿದ್ದರೆ ಮೊದಲು ಕೆಪಾಸಿಟರ್, ಅದು ಸರಿಯಿದ್ದರೆ ತಿರುಗಣಿಗೆ ಏನಾದರೂ ಸಿಕ್ಕಿಕೊಂಡಿದೆಯೇ ಎಂದು. ಮೋಟಾರು ಸಲೀಸಾಗಿ ಓಡುವ ಸದ್ದಿದ್ದು ಬಟ್ಟೆ ಅಲುಗದಿದ್ದರೆ ಬೆಲ್ಟು ಜಾರಿದೆ ಅಥವಾ ಹರಿದಿದೆ. ರಾಟೆಯೂ ತಿರುಗುತ್ತಿದ್ದು ತಟ್ಟೆ ನಿಂತಿದ್ದರೆ ಗೇರು ಇಲ್ಲವೆ ತಿರುಗಣಿಯ ಹಲ್ಲು. ಒಂದೇ ದಿಕ್ಕಿಗೆ ತಿರುಗಿ ಇನ್ನೊಂದು ದಿಕ್ಕಿಗೆ ತಿರುಗದಿದ್ದರೆ ಟೈಮರಿನ ಒಳಗಿನ ಸಂಪರ್ಕ ಸವೆದಿದೆಯೆಂದು ಶಂಕಿಸಬಹುದು. ಆದರೆ ಪ್ಲಗ್ಗನ್ನು ಕೀಳದೆ, ಒದ್ದೆ ಕೈಯಲ್ಲಿ, ಯಾವುದನ್ನೂ ಮುಟ್ಟಬೇಡಿ. ಪ್ಲಗ್ಗು ಕಿತ್ತ ಮೇಲೂ ಕೆಪಾಸಿಟರಿನ ಒಳಗೆ ವಿದ್ಯುತ್ತು ಉಳಿದಿರಬಹುದು. ಅದನ್ನು ಬಲ್ಲವರಿಗೇ ಬಿಡಿ. ಮತ್ತು ಓಡುವ ಯಂತ್ರದೊಳಗೆ ಕೋಲು ಹಾಕುವುದು ಅಪಾಯ. ಹಾಕಬೇಕಾಗಿ ಬಂದಿದೆಯೆಂದರೆ ಮನೆಯಲ್ಲಿ ಯಾರೋ ಕಿವಿಗೊಟ್ಟಿಲ್ಲವೆಂದು ಅರ್ಥ.

ಇಷ್ಟನ್ನೂ ಮಾಡುವ ಮೊದಲು ಇನ್ನೊಂದು ಕೆಲಸವಿದೆ. ಆ ಯಂತ್ರದ ಬಳಿ ದಿನಾ ನಿಲ್ಲುವವರು ಯಾರೋ, ಅವರನ್ನು ಕೂರಿಸಿ ಕೇಳಬೇಕು. ನನ್ನ ಪುಸ್ತಕಗಳೂ ಚಿತ್ರಗಳೂ ಹೇಳದೆ ಹೋದದ್ದೆಲ್ಲ ಯುಗಾದಿಯಿಂದಲೇ ಆಕೆಗೆ ಗೊತ್ತಿತ್ತು.

ಯಂತ್ರ ಈಗ ಚೆನ್ನಾಗಿ ಓಡುತ್ತಿದೆ. ವಾರಕ್ಕೆ ಮೂರು ದಿನ ಅದಕ್ಕೆ ನೀರು ಬಿಡುವುದು, ಬಟ್ಟೆ ಎತ್ತಿಹಾಕುವುದು, ಹರವುವುದು ನನ್ನ ಪಾಲಿನ ಕೆಲಸ. ಆಕೆ ಒಳಗಿನಿಂದಲೇ ಸದ್ದು ಕೇಳುತ್ತಿರುತ್ತಾಳೆ. ಮೊನ್ನೆ, “ಬಟ್ಟೆ ಜಾಸ್ತಿ ಹಾಕಿದೀರಿ, ಎರಡು ತೆಗೀರಿ” ಎಂದು ಅಡುಗೆಮನೆಯಿಂದಲೇ ಕೂಗಿ ಹೇಳಿದಳು. ಎರಡು ತೆಗೆದೆ. ಸದ್ದು ಹಗುರಾಯಿತು.